ಮಾರಾಟಕ್ಕಿಲ್ಲದ ಹಾಡು



ಹೆಸರುಕಾಳಿನ ಸುಗ್ಗಿ ಬಂತೆಂದರೆ ಗದಗ ಸೀಮೆಯ ನಮ್ಮ ನರೇಗಲ್ಲಿನ ಅಡತಿ ಅಂಗಡಿಗಳ ಮುಂದೆ ಚೀಲಗಳ ಸಾಲು ಬೀಳುತ್ತದೆ. ಖರೀದಿದಾರ ಚೀಲದ ಬಾಯಿ ಬಿಚ್ಚುವ ಗೋಜಿಗೆ ಹೋಗುವುದಿಲ್ಲ. ತುದಿ ಚೂಪಾದ ಕಬ್ಬಿಣದ ಕೊಳವೆಯೊಂದನ್ನು ಚೀಲದ ಹೊಟ್ಟೆಗೆ ಚುಚ್ಚುತ್ತಾನೆ, ಕಾಳು ಸರಸರನೆ ಅವನ ಅಂಗೈಗೆ ಇಳಿಯುತ್ತದೆ. ಬೆರಳಿನಿಂದ ಹರಡಿ ನೋಡುತ್ತಾನೆ, ಒಂದು ಕಾಳು ಹಲ್ಲಿಗೆ ಕೊಟ್ಟು ಕಡಿಯುತ್ತಾನೆ, ಹಸಿ ಇದೆಯೋ ಒಣಗಿದೆಯೋ ತಿಳಿದುಕೊಳ್ಳುತ್ತಾನೆ, ಆಮೇಲೆ ದರ ಹೇಳುತ್ತಾನೆ. ಒಂದು ಮುಷ್ಟಿ ಕಾಳಿನ ಮೇಲೆ ಇಡೀ ಚೀಲದ ಹಣೆಬರಹ ನಿಂತಿರುತ್ತದೆ. ಇದಕ್ಕೆ ಎಲ್ಲರೂ ಸ್ಯಾಂಪಲ್ ಅನ್ನುತ್ತಾರೆ.

ಹಾಡಿನ ವ್ಯಾಪಾರದಲ್ಲೂ ಸ್ಯಾಂಪಲ್ ಉಂಟು. ಇವತ್ತಿನ ನನ್ನ ಮಾತು ಅದನ್ನು ಕುರಿತದ್ದು. ರೆಕಾರ್ಡು ಕಂಪನಿಗಳು ತಮ್ಮ ಹತ್ತಾರು ಹಾಡುಗಾರರಿಂದ ಒಂದೊಂದು ಹಾಡು ಹೆಕ್ಕಿ, ಒಂದೇ ಪ್ಲೇಟಿನಲ್ಲಿ ಕೂಡಿಸಿ, ಪುಕ್ಕಟೆಯಾಗಿಯೋ ಪುಡಿಗಾಸಿಗೋ ಹಂಚುತ್ತಿದ್ದವು. ರೇಡಿಯೊ ಕೇಂದ್ರಕ್ಕೊಂದು, ಪತ್ರಿಕೆಯವರಿಗೊಂದು, ಅಂಗಡಿಯವರಿಗೊಂದು. ಲೇಬಲ್ಲಿನ ಮೇಲೆ ‘ಪ್ರಚಾರಕ್ಕಾಗಿ ಮಾತ್ರ, ಮಾರಾಟಕ್ಕಿಲ್ಲ’ ಎಂಬ ಅಚ್ಚು. ರುಚಿ ಹತ್ತಲಿ, ಆಮೇಲೆ ಪೂರ್ತಿ ಪ್ಲೇಟು ಕೊಳ್ಳುತ್ತಾರೆ ಅನ್ನುವ ಲೆಕ್ಕ. ಆದರೆ ಕಾಳಿಗೂ ಹಾಡಿಗೂ ಒಂದು ವ್ಯತ್ಯಾಸವಿದೆ. ಹೆಸರುಕಾಳು ತೋರಿಸಿದರೆ ಹೆಸರುಕಾಳೇ ಮಾರಾಟವಾಗುತ್ತದೆ. ಹಾಡು ಕೇಳಿಸಿದರೆ ಏನು ಮಾರಾಟವಾದೀತು, ಯಾರ ಮನೆ ಹೊಕ್ಕೀತು, ಯಾರನ್ನು ಮನೆ ಬಿಡಿಸೀತು ಎಂಬುದು ಕೇಳಿಸಿದವನ ಕೈಯಲ್ಲಿ ಇರುವುದಿಲ್ಲ.

ಇದಕ್ಕೆ ಸಾಕ್ಷಿ ಹುಡುಕಿಕೊಂಡು ನಾವು ದೂರ ಹೋಗಬೇಕಿಲ್ಲ. ನರೇಗಲ್ಲಿಗೆ ಹತ್ತಿರದ ರೋಣದಲ್ಲಿ 1922ರ ಫೆಬ್ರುವರಿ 4ರಂದು ಹುಟ್ಟಿದ ಭೀಮಸೇನ ಜೋಶಿಯವರ ಕಥೆಯೇ ಸಾಕು. ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ತಾಯಿಯ ಭಜನೆ ಕೇಳುತ್ತಾ ಬೆಳೆದ ಹುಡುಗನಿಗೆ ಹಾಡಿನ ಹುಚ್ಚು. ಆಗ ಗದಗ ಸೀಮೆಯಲ್ಲಿ ಗ್ರಾಮಫೋನು ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಂಗಡಿಯವರು ಗಿರಾಕಿಗಳನ್ನು ಸೆಳೆಯಲಿಕ್ಕೆ ಪ್ಲೇಟು ಹಚ್ಚುತ್ತಿದ್ದರು. ಶಾಲೆಯ ದಾರಿಯಲ್ಲಿ ಅಂಥ ಅಂಗಡಿಯ ಮುಂದೆ ನಿಂತು ಹುಡುಗ ಹಾಡು ಕೇಳುತ್ತಿದ್ದ. ಉಸ್ತಾದ್ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮರಿಯ ಪ್ಲೇಟು ತನ್ನ ತಲೆ ಕೆಡಿಸಿತು ಎಂದು ಭೀಮಸೇನರು ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಮನೆ ಬಿಟ್ಟು ನಡೆದರು. ಪುಣೆ, ಗ್ವಾಲಿಯರ್, ಲಖನೌ, ರಾಂಪುರ ಎಂದು ಅಲೆದು ಜಲಂಧರ ಮುಟ್ಟಿದರು. ತಂದೆ ಹುಡುಕಿಕೊಂಡು ಹೋಗಿ ಕರೆತಂದ ಮೇಲೆ, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪಾದ ಹಿಡಿದರು. ಸವಾಯಿ ಗಂಧರ್ವರು ಬೇರೆ ಯಾರೂ ಅಲ್ಲ, ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು.

ಈಗ ಅಂಗಡಿಯವನ ಕಡೆಯಿಂದ ನೋಡಿ. ಅವನು ಹಾಡು ಹಚ್ಚಿದ್ದು ಗ್ರಾಮಫೋನು ಪೆಟ್ಟಿಗೆ ಮಾರಲಿಕ್ಕೆ. ಕಾಸಿಲ್ಲದೆ ಬಾಗಿಲಲ್ಲಿ ನಿಂತು ಕೇಳುವ ಪೋರ ಅವನ ಲೆಕ್ಕದ ಪುಸ್ತಕಕ್ಕೆ ಬರುವ ಗಿರಾಕಿಯಲ್ಲ. ಅವತ್ತು ಪೆಟ್ಟಿಗೆ ಮಾರಾಟವಾಯಿತೋ ಇಲ್ಲವೋ, ಅಬ್ದುಲ್ ಕರೀಂ ಖಾನರ ಕಿರಾನಾ ಘರಾಣೆಗೆ ಒಬ್ಬ ಭೀಮಸೇನ ಸಿಕ್ಕಿದ. 1944ರ ಹೊತ್ತಿಗೆ ಅದೇ ಹುಡುಗನ ಕನ್ನಡ ಮತ್ತು ಹಿಂದಿ ಭಕ್ತಿಗೀತೆಗಳ ಪ್ಲೇಟು ಎಚ್.ಎಂ.ವಿ.ಯಿಂದ ಹೊರಬಂತು. 2008ರಲ್ಲಿ ಭಾರತರತ್ನ ಘೋಷಣೆಯಾಯಿತು.

ಆ ಕಾಲದ ಪ್ಲೇಟನ್ನು ನೀವು ಕೈಯಲ್ಲಿ ಹಿಡಿದಿದ್ದೀರೋ ಇಲ್ಲವೋ. ಹತ್ತು ಇಂಚು ಅಗಲ, ಕಪ್ಪು ಬಣ್ಣ, ಹಿಡಿದರೆ ತೂಕ ಗೊತ್ತಾಗುತ್ತದೆ. ಅರಗಿನ ಹುಳು ಗಿಡದ ಟೊಂಗೆಯ ಮೇಲೆ ಬಿಡುವ ಅರಗಿಗೆ ಕಲ್ಲಿನ ಪುಡಿ ಬೆರೆಸಿ ಒತ್ತಿದ ಸರಕು ಅದು. ಜಗತ್ತಿನ ಪ್ಲೇಟು ಕಾರ್ಖಾನೆಗಳಿಗೆ ಆ ಅರಗು ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ನಿಮಿಷಕ್ಕೆ 78 ಸುತ್ತು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ಪೆಟ್ಟಿಗೆಯ ಮಗ್ಗುಲಿನ ಹಿಡಿಕೆ ತಿರುಗಿಸಿ ಕೀಲಿ ಕೊಡಬೇಕು. ಉಕ್ಕಿನ ಸೂಜಿ ಒಂದು ಮಗ್ಗುಲು ಹಾಡುವಷ್ಟರಲ್ಲಿ ಸವೆಯುತ್ತದೆ, ಹೊಸದನ್ನು ಸಿಕ್ಕಿಸಬೇಕು. ಕೀಲಿ ಸಡಿಲಾಯಿತೋ, ಗಂಡಸಿನ ದನಿ ಗೂಗೆಯದಾಗಿ ಇಳಿಯುತ್ತದೆ. ಮನೆಯಲ್ಲಿ ಎಲ್ಲರೂ ನಗುತ್ತಿರುವಾಗ ಯಾರೋ ಓಡಿ ಹೋಗಿ ಮತ್ತೆ ಕೀಲಿ ಕೊಡುತ್ತಾರೆ.

ಮೂರು ನಿಮಿಷದಲ್ಲಿ ಒಂದು ರಾಗ ಮುಗಿಸು ಅಂದರೆ ದೊಡ್ಡ ಗಾಯಕರಿಗೂ ಬೆವರು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಕಲಕತ್ತೆಗೆ ಬಂದು ಧ್ವನಿಮುದ್ರಣ ಶುರು ಮಾಡಿದಾಗ ಗೌಹರ್ ಜಾನ್ ಆ ಮೂರು ನಿಮಿಷವನ್ನು ಪಳಗಿಸಿ ತೋರಿಸಿದಳು. ಹಾಡು ಮುಗಿಯುತ್ತಲೇ ಇಂಗ್ಲಿಷಿನಲ್ಲಿ ತನ್ನ ಹೆಸರು ತಾನೇ ಕೂಗಿ ಹೇಳುತ್ತಿದ್ದಳು. ಮುದ್ರಣದ ಮೂಲ ತಟ್ಟೆ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಬೇಕಿತ್ತು. ಅಲ್ಲಿಯವರಿಗೆ ಇದು ಯಾರ ಹಾಡು ಎಂದು ಗೊತ್ತಾಗಬೇಕಲ್ಲ. ಆಕೆಯ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. ಅರಮನೆಯ ಆಶ್ರಯದಲ್ಲಿದ್ದು 1930ರ ಜನವರಿಯಲ್ಲಿ ತೀರಿಕೊಂಡಳು.

ಹೆಸರಿನ ವಿಷಯ ಬಂದದ್ದಕ್ಕೆ ನಮ್ಮ ಕಡೆಯ ಇನ್ನೊಂದು ಅಪರೂಪದ ಮುದ್ರಣ ನೆನಪಿಸುತ್ತೇನೆ. 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿ ಹುಬ್ಬಳ್ಳಿಯ ಒಬ್ಬ ಎಳೆಯ ಗಾಯಕಿಯ ಪ್ಲೇಟುಗಳನ್ನು ತಂದಿತು. ಲೇಬಲ್ಲಿನ ಮೇಲೆ ಇದ್ದ ಹೆಸರು ಗಾಂಧಾರಿ. ದನಿ ಎತ್ತರದ್ದು, ತೆಳುವಾದದ್ದು, ಚುರುಕಾದದ್ದು. ಆಕೆಯೇ ನಮ್ಮ ಗಂಗೂಬಾಯಿ ಹಾನಗಲ್ಲರು. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು, ದನಿ ಒಡೆದು ಗಂಡುದನಿಯ ಹತ್ತಿರಕ್ಕೆ ಇಳಿಯಿತು. ನಾವೆಲ್ಲ ಗಂಗೂಬಾಯಿ ಎಂದು ಕೇಳಿ ಬೆಳೆದದ್ದು ಆ ಘನವಾದ ದನಿಯನ್ನು. ಮೊದಲಿನ ದನಿ ಈಗ ಎಲ್ಲಿದೆ? ಆ ಮೂರು ಮೂರು ನಿಮಿಷದ ಪ್ಲೇಟುಗಳಲ್ಲಿ ಮಾತ್ರ. ಲೇಬಲ್ಲಿನ ಮೇಲಿನ ಹೆಸರು ಬೇರೆ, ಒಳಗಿನ ದನಿ ಬೇರೆ. ಗೊತ್ತಿಲ್ಲದವರ ಕೈಗೆ ಸಿಕ್ಕರೆ ಯಾವಳೋ ಹುಡುಗಿಯ ಹಾಡು ಎಂದು ಗುಜರಿಗೆ ಹಾಕಿಬಿಡಬಹುದು.

ಇನ್ನು ಸ್ವಲ್ಪ ಹೊರಗಿನ ಜಗತ್ತಿಗೆ ಹೋಗಿ ಬರೋಣ. ಅರಗಿನ ಪ್ಲೇಟು ಹಿಂದೆ ಸರಿದು, ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗುವ ಎಲ್.ಪಿ. ಬಂತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಜಾಗ. ಹಲವರ ಹಾಡು ಒಂದೇ ಕಡೆ ಕೂಡಿಸಲಿಕ್ಕೆ ಈಗ ಅನುಕೂಲವಾಯಿತು. 1968ರಲ್ಲಿ ಇಂಗ್ಲೆಂಡಿನಲ್ಲಿ ಸಿ.ಬಿ.ಎಸ್. ಕಂಪನಿ ‘ದಿ ರಾಕ್ ಮಶೀನ್ ಟರ್ನ್ಸ್ ಯೂ ಆನ್’ ಎಂಬ ಸ್ಯಾಂಪಲ್ ಎಲ್.ಪಿ. ತಂದಿತು. ಬೆಲೆ 14 ಶಿಲಿಂಗ್ 11 ಪೆನ್ಸ್, ಮಾಮೂಲಿ ಎಲ್.ಪಿ.ಯ ಅರ್ಧಕ್ಕೂ ಕಡಿಮೆ. ಬಾಬ್ ಡೈಲನ್, ಲಿಯೊನಾರ್ಡ್ ಕೊಹೆನ್, ಸೈಮನ್ ಮತ್ತು ಗಾರ್ಫಂಕಲ್ ಎಲ್ಲರದೂ ಒಂದೊಂದು ಹಾಡು. ಕಾಲೇಜು ಹುಡುಗರು ಮುಗಿಬಿದ್ದರು. ಮರುವರ್ಷ ಅಮೆರಿಕದ ವಾರ್ನರ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎರಡು ಡಾಲರ್ ಅಂಚೆಗೆ ಹಾಕಿದರೆ ಎರಡು ಎಲ್.ಪಿ.ಯ ಜೋಡಿ ಮನೆಗೆ. ಕಂಪನಿಗೆ ಅದರಲ್ಲಿ ನಷ್ಟವೇ. ಒಂದು ಸರಕಿನಲ್ಲಿ ಸೋತು ಹತ್ತು ಸರಕಿನಲ್ಲಿ ಗೆಲ್ಲುವ ಈ ವಿದ್ಯೆ ಯಾವ ಸಂತೆಯ ವ್ಯಾಪಾರಿಗೂ ಹೊಸದಲ್ಲ.

ತಮಾಷೆ ಶುರುವಾಗುವುದು ಇಲ್ಲಿಂದ. ಸ್ಯಾಂಪಲ್ಲಿನಲ್ಲಿ ಹಾಕಲಿಕ್ಕೆ ಕೆಲವು ಸಲ ಕಂಪನಿಗಳು ಕಪಾಟಿನ ಮೂಲೆಯಲ್ಲಿ ಬಿದ್ದ ಹಾಡನ್ನು ಎತ್ತಿಕೊಳ್ಳುತ್ತಿದ್ದವು. 1970ರಲ್ಲಿ ಇಂಗ್ಲೆಂಡಿನ ಹಾರ್ವೆಸ್ಟ್ ಕಂಪನಿ ‘ಪಿಕ್‌ನಿಕ್’ ಎಂಬ ಜೋಡಿ ಎಲ್.ಪಿ. ಹೊರಡಿಸಿತು. ಅದರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ‘ಎಂಬ್ರಿಯೊ’ ಎಂಬ ಹಾಡಿತ್ತು. ತಂಡದವರು 1968ರಲ್ಲಿ ಹಾಡಿ, ಪೂರ್ತಿ ಆಗಿಲ್ಲವೆಂದು ಪಕ್ಕಕ್ಕಿಟ್ಟಿದ್ದ ಹಾಡು ಅದು. ಅವರ ಬೇರೆ ಯಾವ ಪ್ಲೇಟಿನಲ್ಲೂ ಇರಲಿಲ್ಲ. ತಂಡದವರಿಗೆ ಇದು ಸರಿಬರಲಿಲ್ಲ, ಕಂಪನಿ ಪ್ಲೇಟನ್ನು ಹಿಂದೆಗೆದುಕೊಂಡಿತು. ಅಷ್ಟರಲ್ಲಿ ಕೊಂಡವರು ಕೊಂಡಾಗಿತ್ತು. 1983ರಲ್ಲಿ ಅಮೆರಿಕದಲ್ಲಿ ಒಂದು ಸಂಕಲನ ಬರುವವರೆಗೆ ಆ ಹಾಡಿನ ಈ ಮುದ್ರಣ ಬೇಕಾದವರು ಆ ಅಗ್ಗದ ಸ್ಯಾಂಪಲ್ಲನ್ನೇ ಹುಡುಕಬೇಕಾಯಿತು. ಕಂಪನಿ ಮಾರಬೇಕೆಂದಿದ್ದದ್ದು ಉಳಿದವರ ಪ್ಲೇಟುಗಳನ್ನು. ಜನರಿಗೆ ಬೇಕಾದದ್ದು ಸ್ಯಾಂಪಲ್ಲೇ.

ಇನ್ನೊಂದು ಉದಾಹರಣೆ ಅಮೆರಿಕದ ಸಿಯಾಟಲ್ ಊರಿನದು. 1980ರ ದಶಕದಲ್ಲಿ ಆ ದೇಶದ ದೊಡ್ಡ ರೇಡಿಯೊ ಕೇಂದ್ರಗಳು ಮುಟ್ಟದ ಒರಟು ಹಾಡುಗಳನ್ನು ಕಾಲೇಜು ಹುಡುಗರು ನಡೆಸುವ ಪುಟ್ಟ ಬಾನುಲಿ ಕೇಂದ್ರಗಳು ಎತ್ತಿ ಆಡಿಸಿದವು. ಹಾಗೆ ಬೆಳೆದ ಸಂಗೀತಕ್ಕೆ ಆಲ್ಟರ್ನೇಟಿವ್ ರಾಕ್ ಎಂಬ ಹೆಸರು ಬಿತ್ತು. ಗಿಟಾರಿನ ದನಿ ಕೆರೆದ ಹಾಗೆ, ಹಾಡುಗಾರನ ಗಂಟಲು ಹರಿದ ಹಾಗೆ. ಚೆಂದ ಮಾಡಲಿಕ್ಕೆ ಯಾರೂ ಹೆಣಗುವುದಿಲ್ಲ. ಆ ಊರಿನ ಸಬ್ ಪಾಪ್ ಎಂಬ ಚಿಕ್ಕ ಕಂಪನಿ 1988ರ ಕೊನೆಗೆ ತನ್ನ ತಂಡಗಳನ್ನೆಲ್ಲ ಕೂಡಿಸಿ ‘ಸಬ್ ಪಾಪ್ 200’ ಎಂಬ ಸಂಕಲನ ತಂದಿತು. ಅಚ್ಚಾದದ್ದು 5000 ಪ್ರತಿ. ಅದರಲ್ಲಿ ಹೆಸರಿಲ್ಲದ ಒಂದು ಹೊಸ ತಂಡದ ಹಾಡೂ ಇತ್ತು. ಮೂರು ವರ್ಷ ಕಳೆಯುವಷ್ಟರಲ್ಲಿ, 1991ರ ಸೆಪ್ಟೆಂಬರಿನಲ್ಲಿ, ಆ ತಂಡದ ‘ನೆವರ್‌ಮೈಂಡ್’ ಬಂದು ಜಗತ್ತಿನ ತರುಣರ ಬಾಯಲ್ಲಿ ಒಂದೇ ಹೆಸರು ಕುಣಿಯಿತು: ನಿರ್ವಾಣ. ಆಗ ಆ 5000 ಪ್ರತಿಗಳ ಬೆನ್ನು ಹತ್ತಿದವರಿಗೆ ಲೆಕ್ಕವಿಲ್ಲ.

ನಮ್ಮ ದೇಶದಲ್ಲಿ ಇಂಥದು ನಡೆದಿಲ್ಲವೇ? ನಡೆದಿದೆ, ಅದೂ ಬೆಂಗಳೂರಿನ ಹುಡುಗರನ್ನು ಒಳಗೊಂಡು. 1910ರಿಂದ ನಮ್ಮಲ್ಲಿ ವ್ಯಾಪಾರ ನಡೆಸಿದ್ದ ಇಂಪೀರಿಯಲ್ ಟೊಬ್ಯಾಕೊ ಕಂಪನಿ 1970ರಲ್ಲಿ ಇಂಡಿಯಾ ಟೊಬ್ಯಾಕೊ ಕಂಪನಿ ಎಂದು ಹೆಸರು ಬದಲಿಸಿಕೊಂಡಿತು. ಈಗ ಐ.ಟಿ.ಸಿ. ಎಂದು ಎಲ್ಲರಿಗೂ ಗೊತ್ತು. ಅವರ ಸಿಗರೇಟುಗಳಲ್ಲಿ ಸಿಮ್ಲಾ ಎಂಬುದೊಂದು. ಅದನ್ನು ತರುಣರಿಗೆ ಹತ್ತಿರ ಮಾಡಲಿಕ್ಕೆ ಸಿಮ್ಲಾ ಬೀಟ್ ಎಂಬ ಹೆಸರಿನಲ್ಲಿ ದೇಶದ ಗಿಟಾರು ತಂಡಗಳಿಗೆ ಸ್ಪರ್ಧೆ ಏರ್ಪಡಿಸಿದರು. ಊರೂರಿನಲ್ಲಿ ಆಯ್ಕೆ, ಕೊನೆಗೆ ಮುಂಬಯಿಯ ಷಣ್ಮುಖಾನಂದ ಸಭಾಗೃಹದಲ್ಲಿ ಅಂತಿಮ ಸುತ್ತು. ಗೆದ್ದ ತಂಡಗಳ ಹಾಡುಗಳನ್ನು ಕೂಡಿಸಿ 1970ಕ್ಕೊಂದು, 1971ಕ್ಕೊಂದು ಎಲ್.ಪಿ. ಹೊರಡಿಸಿದರು. ಶಿಲ್ಲಾಂಗಿನ ಫೆಂಟೋನ್ಸ್, ಮದರಾಸಿನ ಕನ್‌ಫ್ಯೂಶನ್ಸ್, ಬೆಂಗಳೂರಿನ ಡೈನೋಸಾರ್ಸ್ ಎಂದು ತಂಡಗಳ ಹೆಸರೇ ಒಂದು ಜಾತ್ರೆ. ಫೆಂಟೋನ್ಸ್ ಬಾರಿಸಿದ್ದು ಸಿಮ್ಲಾ ಬೀಟಿನ ಸ್ವಂತ ರಾಗವನ್ನು. ಬೆಂಗಳೂರಿನ ಹುಡುಗರು ಎತ್ತಿಕೊಂಡದ್ದು ಅಮೆರಿಕದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ ಹಾಡೊಂದನ್ನು.

ಆ ಹಾಡನ್ನು ಕೇಳಿದರೆ ಮೊದಲು ಕಿವಿಗೆ ಬೀಳುವುದು ಬಡತನ. ಆಮದಿನ ಮೇಲೆ ಕಟ್ಟುನಿಟ್ಟು ಇದ್ದ ಕಾಲ. ಒಳ್ಳೆಯ ಗಿಟಾರು, ದನಿ ಹಿಗ್ಗಿಸುವ ಪೆಟ್ಟಿಗೆ ಸಿಗುತ್ತಿರಲಿಲ್ಲ. ಎಷ್ಟೋ ತಂಡಗಳು ತಾವೇ ತಂತಿ ಬೆಸೆದು, ರೇಡಿಯೊ ರಿಪೇರಿಯವನನ್ನು ಹಿಡಿದು, ಪೆಟ್ಟಿಗೆ ಕಟ್ಟಿಕೊಳ್ಳುತ್ತಿದ್ದವು. ದನಿ ಗುರುಗುರು ಅನ್ನುತ್ತದೆ, ಡ್ರಮ್ಮು ದೂರದ ಕೋಣೆಯಲ್ಲಿ ಬಾರಿಸಿದಂತೆ ಕೇಳುತ್ತದೆ. ಆದರೆ ಹುಡುಗರು ಹೆದರಿಲ್ಲ. ಬಿಗಿಹಿಡಿದದ್ದನ್ನು ಬಿಚ್ಚಿಬಿಟ್ಟಂತೆ ಹಾಡುತ್ತಾರೆ. ಮುಂದೆ ಆಲ್ಟರ್ನೇಟಿವ್ ರಾಕಿನವರು ಬೇಕೆಂದೇ ತಂದುಕೊಂಡ ಒರಟುತನ ಇವರಿಗೆ ಸಾಮಾನಿನ ಕೊರತೆಯಿಂದಲೇ ಬಂದಿತ್ತು. ಆ ಎಲ್.ಪಿ.ಗಳು ಹೆಚ್ಚಾಗಿ ಉಳಿಯಲಿಲ್ಲ. ಹೊರದೇಶದ ಸಂಗ್ರಾಹಕರಿಗೆ ರುಚಿ ಹತ್ತಿ, ಎರಡನ್ನೂ ಕೂಡಿಸಿ ಅಲ್ಲಿಯವರು ಸಿ.ಡಿ. ಮಾಡಿದ ಮೇಲೆ ನಮ್ಮವರ ಕಿವಿಗೂ ಮತ್ತೆ ಬಿದ್ದವು.

ನರೇಗಲ್ಲಿನ ಚಹಾದ ಅಂಗಡಿಯೊಂದರಲ್ಲಿ ಕಾಲೇಜು ಹುಡುಗನೊಬ್ಬ ಮೊಬೈಲಿನಲ್ಲಿ ಈ ಹಾಡು ಹಚ್ಚಿದ್ದ. ಪಕ್ಕದಲ್ಲಿ ಕುಳಿತ ಹಿರಿಯರು ಚಹಾ ಬಸಿ ಕೆಳಗಿಟ್ಟು ಕೇಳಿದರು:

“ಏನಪಾ ತಮ್ಮಾ, ಈ ಗದ್ದಲಾ ಯಾರದು?”

“ಬೆಂಗಳೂರ ಹುಡುಗೂರದ್ರೀ ಕಾಕಾ, ಐವತ್ತು ವರ್ಷದ ಹಿಂದಿಂದು. ಸಿಗರೇಟ ಕಂಪನ್ಯಾವ್ರು ಮಾಡಿಸಿದ್ದು.”

“ಯಾವ ಸಿಗರೇಟ?”

“ಸಿಮ್ಲಾ ಅಂತ್ರೀ.”

ಹಿರಿಯರು ಸ್ವಲ್ಪ ಹೊತ್ತು ಯೋಚಿಸಿದರು. “ನಾ ಬೀಡಿ, ಸಿಗರೇಟ ಎಲ್ಲಾ ಸೇದಿ ಬಿಟ್ಟಾಂವಾ. ಇದರ ಹೆಸರ ಕೇಳಿಲ್ಲ ನೋಡು. ಹಂಗಾದ್ರ ಅವರ ರೊಕ್ಕಾ ನೀರಾಗ ಹೋತು.”

“ಹಾಡು ಉಳೀತಲ್ರೀ.”

“ಅದು ಅವರು ಮಾರಾಕ ಇಟ್ಟಿದ್ದಲ್ಲಲ್ಲೋ!”

ನಾನು ಇವತ್ತು ಇಷ್ಟು ಉದ್ದ ಹೇಳುತ್ತಿರುವುದನ್ನು ಆ ಕಾಕಾ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ಮಾರಲಿಕ್ಕೆ ಇಟ್ಟದ್ದು ಹೋಯಿತು, ಅದರ ಜೊತೆಗೆ ಪುಕ್ಕಟೆ ಬಂದದ್ದು ಉಳಿಯಿತು.

ಯೋಚಿಸಿದರೆ ನಮ್ಮ ಹಳ್ಳಿಗಳ ಕಿವಿಗೆ ಹಾಡು ಬಿದ್ದದ್ದೇ ಬಹುಮಟ್ಟಿಗೆ ಜಾಹೀರಾತಿನ ರೂಪದಲ್ಲಿ. ನಾಟಕ ಕಂಪನಿಯ ಬಂಡಿ ಊರು ಸುತ್ತುವಾಗ ಮೈಕಿನಲ್ಲಿ ರಂಗಗೀತೆ. ಟೂರಿಂಗ್ ಟಾಕೀಸಿನ ಕಂಬದ ಮೇಲೆ ಕಟ್ಟಿದ ಹಾರ್ನಿನಲ್ಲಿ ಸಂಜೆಯ ರೆಕಾರ್ಡು. ‘ಸತ್ಯಹರಿಶ್ಚಂದ್ರ’ ಸಿನಿಮಾ 1965ರಲ್ಲಿ ಬಂದ ಮೇಲೆ ಎಷ್ಟೋ ಊರುಗಳ ಟೆಂಟುಗಳಲ್ಲಿ ‘ನಮೋ ಭೂತನಾಥ’ ಕೇಳಿಸಿತೆಂದರೆ ಆಟ ಶುರುವಾಗುತ್ತದೆ ಎಂದು ಅರ್ಥ. ಟಿಕೇಟು ಕೊಳ್ಳಲಿಕ್ಕೆ ಕಾಸಿಲ್ಲದವರಿಗೂ ಆ ಹಾಡು ಬಾಯಿಪಾಠ. ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರವಿಟ್ಟ 1952ರ ಹೊತ್ತಿಗೆ ರೇಡಿಯೊ ಸಿಲೋನಿನಿಂದ ಬಿನಾಕಾ ಗೀತಮಾಲಾ ಶುರುವಾಯಿತು. ಹಿಂದೆ ನಿಂತವರು ಹಲ್ಲುಜ್ಜುವ ಪೇಸ್ಟಿನವರು. ಹಲ್ಲಿಗೆ ಬೇವಿನ ಕಡ್ಡಿ, ಇದ್ದಿಲು ಹಚ್ಚುತ್ತಿದ್ದವರೂ ಬುಧವಾರ ರಾತ್ರಿ ನಿರೂಪಕ ಅಮೀನ್ ಸಯಾನಿಯವರ ದನಿಗೆ ಕಾಯುತ್ತಿದ್ದರು. ಪೇಸ್ಟು ಬೇಡ, ಹಾಡು ಬೇಕು. ಅದರಲ್ಲಿ ನಮ್ಮವರು ಯಾರಿಗೂ ಮೋಸ ಮಾಡಲಿಲ್ಲ. ಕೊಟ್ಟದ್ದರಲ್ಲಿ ತಮಗೆ ಬೇಕಾದದ್ದನ್ನು ಆರಿಸಿಕೊಂಡರು, ಅಷ್ಟೆ.

ಹೀಗೆ ಪುಕ್ಕಟೆ ಬಂದದ್ದು ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಕೋರ್ಟಿನ ಕಟ್ಟೆ ಹತ್ತಿದ್ದೂ ಉಂಟು. ಅಮೆರಿಕದಲ್ಲಿ ಒಬ್ಬ ವ್ಯಾಪಾರಿ, ಯೂನಿವರ್ಸಲ್ ಕಂಪನಿ ರೇಡಿಯೊದವರಿಗೆ, ವಿಮರ್ಶಕರಿಗೆ ಕಳಿಸಿದ್ದ ಪ್ರಚಾರದ ಸಿ.ಡಿ.ಗಳನ್ನು ಹಳೇ ಸಾಮಾನಿನ ಅಂಗಡಿಗಳಲ್ಲಿ ಕೊಂಡು ಹರಾಜಿಗಿಟ್ಟ. ‘ಮಾರಾಟಕ್ಕಿಲ್ಲ’ ಎಂದು ಬರೆದಿದ್ದೇವೆ, ಸರಕು ಇನ್ನೂ ನಮ್ಮದೇ ಎಂದು ಕಂಪನಿ ವಾದಿಸಿತು. 2011ರ ಜನವರಿಯಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಆ ವಾದ ಒಪ್ಪಲಿಲ್ಲ. ಕೇಳದೇ ಕಳಿಸಿ, ವಾಪಸು ಪಡೆಯುವ ಗೊಡವೆಗೂ ಹೋಗದೆ ಬಿಟ್ಟಿದ್ದೀರಿ, ಅದು ಪಡೆದವರದ್ದೇ, ಅವರು ಮಾರಲೂಬಹುದು ಎಂದಿತು. ಲೇಬಲ್ಲಿನ ಮೇಲೆ ಏನೇ ಅಚ್ಚಾಗಿರಲಿ, ಕೊಟ್ಟ ಮೇಲೆ ಕೊಟ್ಟಂತೆ. ಪಂಚರ ಕಟ್ಟೆಯಲ್ಲಿ ಕುಳಿತವರೂ ಇದೇ ತೀರ್ಮಾನ ಕೊಡುತ್ತಿದ್ದರು.

ರಾಕ್ ಸಂಗೀತಕ್ಕೂ ನಮ್ಮ ಸೀಮೆಗೂ ಎಲ್ಲಿಯ ಸಂಬಂಧ ಎಂದು ಇನ್ನೂ ಯಾರಿಗಾದರೂ ಅನ್ನಿಸುತ್ತಿದ್ದರೆ ಶಿಶುನಾಳ ಶರೀಫರ ಕಡೆ ತಿರುಗೋಣ. 1819ರಿಂದ 1889ರವರೆಗೆ ಬಾಳಿದ ಶರೀಫರು ಕಳಸದ ಗೋವಿಂದಭಟ್ಟರ ಶಿಷ್ಯರು. ಅವರ ಪದಗಳು ಪುಸ್ತಕಕ್ಕಿಂತ ಮೊದಲು ತತ್ವಪದಕಾರರ, ಭಜನೆಯವರ ನಾಲಿಗೆಯಲ್ಲಿ ಉಳಿದು ಬಂದವು. ನಮ್ಮ ರೋಣ, ಗಜೇಂದ್ರಗಡ, ನರಗುಂದದ ಕಡೆ ಏಕತಾರಿ, ದಮ್ಮಡಿ ಇರುವ ಕಡೆಯೆಲ್ಲ ಶರೀಫರು ಇದ್ದಾರೆ. ಸಿ. ಅಶ್ವತ್ಥರು ಅವನ್ನು ವೇದಿಕೆಗೂ ಕ್ಯಾಸೆಟ್ಟಿಗೂ ತಂದರು. 1990ರಲ್ಲಿ ಬಂದ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾಕ್ಕೂ ಅವರದೇ ಸಂಗೀತ. ಆಮೇಲೆ 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಗುಡುಗುಡಿಯ ಪದ, ಸೋರುವ ಮನೆಯ ಪದ ಎರಡನ್ನೂ ಗಿಟಾರು, ಡ್ರಮ್ಮು, ಪಿಟೀಲಿನ ಜೊತೆ ಹಾಡಿದರು. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು, 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿ ಪಡೆದರು. ಸಾಂಗ್‌ಲೈನ್ಸ್ ಅಂದರೆ ಸಂಚಿಕೆಯ ಜೊತೆ ಒಂದು ಸ್ಯಾಂಪಲ್ ಸಿ.ಡಿ. ಹಂಚುವುದಕ್ಕೆ ಹೆಸರಾದ ಪತ್ರಿಕೆ.

ಸಿಗರೇಟು ಮಾರಲಿಕ್ಕೆ ರಾಕ್ ಹಾಡಿಸಿದ ಕಂಪನಿಯನ್ನೂ, ಗುಡುಗುಡಿ ಸೇದುವ ನೆಪ ಮಾಡಿ ದೇಹದ ಗುಟ್ಟು ಹೇಳಿದ ಶರೀಫರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನನಗೆ ನಗು ಬರುತ್ತದೆ. ಒಬ್ಬರು ಹಾಡಿನ ಮರೆಯಲ್ಲಿ ಹೊಗೆ ಮಾರಿದರು, ಇನ್ನೊಬ್ಬರು ಹೊಗೆಯ ಮರೆಯಲ್ಲಿ ಹಾಡು ಕೊಟ್ಟರು. ಶರೀಫರು ಪದ ಕಟ್ಟಿದ್ದು ಮಾರಾಟಕ್ಕೆಂದಲ್ಲ, ಆದ್ದರಿಂದ ಅದಕ್ಕೆ ಅಪರೂಪವಾಗುವ ಭಯವೂ ಇರಲಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುತ್ತಿರುವ ತನಕ ಹಾಡಿಗೆ ಕಪಾಟು ಬೇಕಾಗುವುದಿಲ್ಲ. ಇದೇ ದಾರಿ ಹಿಡಿದು ಬೆಂಗಳೂರಿನ ರಾಕ್ ತಂಡ ಥರ್ಮಲ್ ಅಂಡ್ ಎ ಕ್ವಾರ್ಟರ್ ತನ್ನ ‘ಪ್ಲಾನ್ ಬಿ’ ಆಲ್ಬಮ್ಮನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಲಿ ಎಂದು ಬಿಟ್ಟಿತು. ಸ್ಯಾಂಪಲ್ ಕೊಟ್ಟು ಚೀಲ ಮಾರುವ ಪದ್ಧತಿ ಬಿಟ್ಟು ಚೀಲವನ್ನೇ ಬಿಚ್ಚಿದಂತಾಯಿತು. ತತ್ವಪದಕಾರರಿಗೆ ಇದರಲ್ಲಿ ಆಶ್ಚರ್ಯಪಡುವಂಥದು ಏನೂ ಕಾಣಲಾರದು.

ಬಾಯಿಂದ ಬಾಯಿಗೆ ಹೋಗದೆ ನಿಂತುಹೋದ ಹಾಡುಗಳ ಗತಿ ಬೇರೆ. ಅವು ಯಾವುದೋ ಪ್ಲೇಟಿನಲ್ಲಿ, ಕ್ಯಾಸೆಟ್ಟಿನಲ್ಲಿ ಅಡಗಿರುತ್ತವೆ. 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂದ ಮೇಲೆ ಕನ್ನಡದಲ್ಲಿ ಕ್ಯಾಸೆಟ್ಟಿನ ಪ್ರವಾಹವೇ ಹರಿಯಿತು. ನಮ್ಮ ಊರುಗಳಲ್ಲೂ ಟೇಪ್ ರೆಕಾರ್ಡರ್ ಬಂತು. ಜಾತ್ರೆಯ ನಾಟಕ, ಶ್ರಾವಣದ ಪುರಾಣ, ಹಂತಿ ಪದ, ಸೋಬಾನೆ, ಅಜ್ಜಿಯ ಬೀಸುಕಲ್ಲಿನ ಪದ ಎಲ್ಲವನ್ನೂ ಜನ ತಾವೇ ತುಂಬಿಕೊಂಡರು. ಒಂದೇ ಪ್ರತಿ, ಎರಡನೆಯದಿಲ್ಲ. ಅಪರೂಪ ಅಂದರೆ ಅದಕ್ಕಿಂತ ಅಪರೂಪ ಯಾವುದು? ಸಿಯಾಟಲ್ಲಿನ ಸಂಕಲನಕ್ಕೆ 5000 ಪ್ರತಿಯಾದರೂ ಇದ್ದವು. ನಮ್ಮ ಅಜ್ಜಿಯ ಪದ ಇರುವುದು ಮಾಡದಲ್ಲಿಟ್ಟ ಒಂದು ಕ್ಯಾಸೆಟ್ಟಿನಲ್ಲಿ, ಅದರ ಮೇಲೆ ಅಳಿಯನ ಮದುವೆಯ ಮಂಗಳಾಷ್ಟಕ ತುಂಬಿರದಿದ್ದರೆ.

ಆದ್ದರಿಂದ ಕೊನೆಗೆ ನಾಲ್ಕು ಕೆಲಸದ ಮಾತು. ಮನೆಯಲ್ಲಿ ಅರಗಿನ ಹಳೆಯ ಪ್ಲೇಟು ಇದ್ದರೆ ಒಂದರ ಮೇಲೊಂದು ಒಟ್ಟಬೇಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಬಿಸಿಲಿಗೆ ಇಟ್ಟರೆ ಬಾಗುತ್ತದೆ, ಕೈ ಜಾರಿದರೆ ಗಾಜಿನಂತೆ ಚೂರಾಗುತ್ತದೆ. ಧೂಳು ಒರೆಸಲಿಕ್ಕೆ ಸ್ಪಿರಿಟ್ಟು ಮುಟ್ಟಿಸಬೇಡಿ, ಸ್ಪಿರಿಟ್ಟಿಗೆ ಅರಗು ಕರಗುತ್ತದೆ, ಹಾಡೂ ಅದರ ಜೊತೆ ಹೋಗುತ್ತದೆ. ಮೆತ್ತನೆಯ ಒಣ ಬಟ್ಟೆ ಸಾಕು. ಕ್ಯಾಸೆಟ್ಟುಗಳನ್ನು ಸ್ಪೀಕರಿನ ಹತ್ತಿರ ಇಡಬೇಡಿ, ಒಳಗಿನ ಅಯಸ್ಕಾಂತ ದನಿ ಅಳಿಸುತ್ತದೆ. ಮೇಲ್ತುದಿಯ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಮುರಿದರೆ ಅದರ ಮೇಲೆ ಬೇರೆ ಯಾರೂ ತಪ್ಪಿ ತುಂಬಲಾರರು. ಮೊಬೈಲು ಬಲ್ಲ ಮಕ್ಕಳನ್ನು ಹಿಡಿದು ಒಂದೊಂದಾಗಿ ನಕಲು ಮಾಡಿಸಿ, ಒಂದೇ ಕಡೆ ಇಡದೆ ಎರಡು ಮನೆಯಲ್ಲಿ ಇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಹೆಸರು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, 950ರಲ್ಲಿ, ಗಂಗ ಬೂತುಗನ ರಾಣಿ ಪದ್ಮಬ್ಬರಸಿ ನಮ್ಮ ನರೇಗಲ್ಲಿನಲ್ಲಿ ಬಸದಿ ಕಟ್ಟಿಸಿದಳೆಂದು, ಅದಕ್ಕೊಂದು ದಾನಶಾಲೆ ಇತ್ತೆಂದು ನಾವು ಹೇಳಬಲ್ಲೆವು. ಯಾಕೆಂದರೆ ಯಾರೋ ಅದನ್ನು ಕಲ್ಲಿನಲ್ಲಿ ಬರೆಸಿದರು. ನಿಮ್ಮ ಕ್ಯಾಸೆಟ್ಟಿನ ಮೇಲೆ ಕಲ್ಲು ಕೊರೆಯಬೇಕಿಲ್ಲ, ಒಂದು ಚೀಟಿ ಅಂಟಿಸಿ. ಹಾಡಿದವರು ಯಾರು, ಪೇಟಿ ಬಾರಿಸಿದವರು ಯಾರು, ತಬಲಾ ಯಾರದು, ಯಾವ ಊರು, ಯಾವ ವರ್ಷ ಎಂದು ಬರೆಯಿರಿ. ದನಿ ಗುರುತು ಹಿಡಿಯಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆಯಿರಿ. ಕಂಪನಿಗಳು ತಮಗೆ ಬೇಕಾದ ಹೆಸರನ್ನು ಲೇಬಲ್ಲಿನ ಮೇಲೆ ಅಚ್ಚು ಹಾಕಿದವು. ನಮ್ಮವರ ಹೆಸರು ಬರೆಯುವ ಕೆಲಸ ಯಾವ ಕಂಪನಿಯೂ ಮಾಡಿಕೊಡುವುದಿಲ್ಲ, ಅದು ನಮ್ಮದೇ.